ಹೊಗೆ ಒಗೆದ್ರೆ ಹೋಗುತ್ತಾ? ಫೈರ್‌ಫೈಟರ್ ಹುಡ್ ಮತ್ತು ವಾಷಿಂಗ್ ಮಷೀನಿನ ಲೆಕ್ಕ

ಇವತ್ತು ಮಾತಾಡ್ತಿರೋದು ಒಂದು ಬಟ್ಟೆ ಬಗ್ಗೆ. ಮಡಚಿದ್ರೆ ಪ್ಯಾಂಟ್ ಜೇಬಲ್ಲಿ ತುರುಕಬಹುದು, ಅಷ್ಟು ಚಿಕ್ಕದು.

ಚಳಿಗಾಲದಲ್ಲಿ ಮನೇಲಿ ತಾತ ಹಾಕ್ಕೊಳ್ಳೋ ಮಂಕಿ ಕ್ಯಾಪ್ ನೋಡಿರ್ತೀರ. ತಲೆ, ಕಿವಿ, ಕುತ್ತಿಗೆ ಎಲ್ಲ ಮುಚ್ಚಿ ಮುಖ ಮಾತ್ರ ಕಾಣೋ ಟೋಪಿ. ಬೆಂಕಿ ಆರಿಸೋಕೆ ಮನೆಯೊಳಗೆ ನುಗ್ಗೋ ಫೈರ್‌ಫೈಟರ್‌ಗಳೂ ಹೆಚ್ಚುಕಮ್ಮಿ ಅದೇ ಆಕಾರದ ಒಂದು ಮುಸುಕು ಹಾಕ್ತಾರೆ. ಇಂಗ್ಲಿಷಲ್ಲಿ ಅದಕ್ಕೆ ಹುಡ್ ಅಂತ ಹೆಸರು. ಹೆಲ್ಮೆಟ್ ಮೇಲೆ, ಉಸಿರಾಟದ ಮಾಸ್ಕ್ ಮುಂದೆ, ಕೋಟಿನ ಕಾಲರ್ ಕೆಳಗೆ. ಈ ಮೂರರ ಮಧ್ಯೆ ಉಳಿಯೋ ಕಿವಿ, ದವಡೆ, ಕತ್ತು ಮುಚ್ಚೋದು ಅದರ ಕೆಲಸ.

ಈ ಹುಡ್ಡನ್ನ ಒಗೆದ್ರೆ ಅದರೊಳಗೆ ಸೇರಿರೋ ಹೊಗೆಯ ವಿಷ ಹೋಗುತ್ತಾ, ಇಲ್ವಾ? ಕೇಳೋಕೆ ತೀರಾ ಸಣ್ಣ ಪ್ರಶ್ನೆ. ಆದ್ರೆ ಕಳೆದ ಹತ್ತು ಹದಿನೈದು ವರ್ಷದಿಂದ ಅಮೆರಿಕದಲ್ಲಿ ದೊಡ್ಡ ದೊಡ್ಡ ಲ್ಯಾಬ್‌ಗಳು ಇದರ ಹಿಂದೆ ಬಿದ್ದಿವೆ. ಯಾಕೆ ಅಂತ ಅರ್ಥ ಆಗ್ಬೇಕಾದ್ರೆ ಮೊದಲು ಈ ಬಟ್ಟೆ ಎಂಥದ್ದು ಅಂತ ನೋಡ್ಬೇಕು.

ಬಿಸಿ ತಡೆಯತ್ತೆ, ಹೊಗೆ ತಡೆಯಲ್ಲ

ಫೈರ್‌ಫೈಟರ್ ಕೋಟಲ್ಲಿ ಮೂರು ಪದರ ಇರತ್ತೆ. ಹೊರಗಡೆ ಬೆಂಕಿ ತಡ್ಕೊಳ್ಳೋ ಗಟ್ಟಿ ಬಟ್ಟೆ, ಮಧ್ಯೆ ನೀರು ಒಳಗೆ ಬರದ ಹಾಗೆ ಒಂದು ಪೊರೆ, ಒಳಗಡೆ ಬಿಸಿ ತಡೆಯೋ ದಪ್ಪ ಲೈನಿಂಗ್. ಹಳೇ ಮಾದರಿ ಹುಡ್‌ಗೆ ಆ ಭಾಗ್ಯ ಇಲ್ಲ. ಅದು ನಮ್ಮ ಬನಿಯನ್ ಥರ ಹೆಣೆದ ಬಟ್ಟೆ, ಸಾಮಾನ್ಯವಾಗಿ ಎರಡು ಪದರ. ನೂಲು ಮಾತ್ರ ವಿಶೇಷ. ನೋಮೆಕ್ಸ್ ಥರದ್ದು, ಬೆಂಕಿ ತಾಗಿದ್ರೂ ಧಗ್ ಅಂತ ಹತ್ತಿ ಉರಿಯಲ್ಲ, ಕರಗಿ ಮೈಗೆ ಅಂಟಲ್ಲ. ಹೆಣೆದ ಬಟ್ಟೆಯೇ ಯಾಕೆ ಅಂದ್ರೆ, ಎಳೆದು ತಲೆ ಮೇಲಿಂದ ಹಾಕ್ಬೇಕು, ಕತ್ತು ತಿರುಗಿಸೋಕೆ ಆಗ್ಬೇಕು, ಕಿವಿ ಕೇಳಿಸ್ಬೇಕು, ಬೆವರು ಆರ್ಬೇಕು.

ಇದನ್ನ ಮಾಡಿರೋದು ಸುಡದೇ ಇರೋಕೆ. ಆ ಕೆಲಸ ಚೆನ್ನಾಗೇ ಮಾಡತ್ತೆ. ಹುಡ್ ಬರೋಕೆ ಮುಂಚಿನ ಕಾಲದ ಫೈರ್‌ಫೈಟರ್‌ಗಳು ಕಿವಿ ಚುರ್ ಅಂದ್ರೆ "ಬಿಸಿ ಜಾಸ್ತಿ ಆಯ್ತು, ಹೊರಗೆ ಹೋಗೋಣ" ಅಂತ ಲೆಕ್ಕ ಹಾಕ್ತಿದ್ರಂತೆ. ಕಿವಿಯೇ ಥರ್ಮಾಮೀಟರ್! ಹುಡ್ ಬಂದಾಗ "ಬಿಸಿ ಗೊತ್ತಾಗಲ್ಲ" ಅಂತ ಗೊಣಗಿದ ಹಳಬರೂ ಇದ್ರು.

ಆದ್ರೆ ಹೆಣಿಗೆ ಅಂದ್ಮೇಲೆ ಕಿಂಡಿ. ಗಾಳಿ ಹೋಗತ್ತೆ ಅಂದ್ರೆ ಹೊಗೆಯ ಕಣವೂ ಹೋಗತ್ತೆ. 2015ರಲ್ಲಿ ಅಮೆರಿಕ ಮತ್ತು ಕೆನಡಾದ ಫೈರ್‌ಫೈಟರ್‌ಗಳ ಯೂನಿಯನ್, ಐಎಎಫ್‌ಎಫ್, ನಾರ್ತ್ ಕೆರೊಲಿನಾದ ಆರ್‌ಟಿಐ ಇಂಟರ್‌ನ್ಯಾಷನಲ್ ಲ್ಯಾಬಲ್ಲಿ ಒಂದು ಪರೀಕ್ಷೆ ಮಾಡಿಸ್ತು. ಒಂದು ಕೋಣೆ ತುಂಬ ಹೊಳೆಯೋ ಬಣ್ಣದ ನುಣುಪು ಪುಡಿ ಹಾರಿಸಿ, ಪೂರ್ತಿ ಡ್ರೆಸ್ ಹಾಕಿದ ಫೈರ್‌ಫೈಟರ್‌ನ ಒಳಗೆ ಬಿಟ್ರು. ಹೊರಗೆ ಬಂದ್ಮೇಲೆ ಡ್ರೆಸ್ ಬಿಚ್ಚಿಸಿ ಕತ್ತಲಲ್ಲಿ ಅಲ್ಟ್ರಾವಯಲೆಟ್ ಲೈಟ್ ಹಾಕಿ ನೋಡಿದ್ರು. ಹುಡ್ ಮುಚ್ಚಿದ್ದ ಕತ್ತು, ದವಡೆ, ಕಿವಿ ಸುತ್ತ ಪುಡಿ ಹೊಳೀತಾ ಇತ್ತು. ಮಾಸ್ಕ್ ಇದ್ದ ಜಾಗ ಮಾತ್ರ ಕ್ಲೀನ್. ಆ ಫೋಟೋಗಳನ್ನ ನೋಡಿದ್ಮೇಲೆ ಅಮೆರಿಕದ ಫೈರ್ ಸ್ಟೇಷನ್‌ಗಳಲ್ಲಿ ಹುಡ್ ಬಗ್ಗೆ ಮಾತಾಡೋ ರೀತಿಯೇ ಬದಲಾಯ್ತು.

ಹೊಗೆಯೊಳಗೆ ಏನಿದೆ

ಅಜ್ಜಿ ಮನೆಯ ಸೌದೆ ಒಲೆ ಮೇಲಿನ ಸೂರಲ್ಲಿ ನೇತಾಡೋ ಇಲ್ಲಣ ಮುಟ್ಟಿದ್ದೀರಾ? ಬರೀ ಬೂದಿ ಥರ ಒಣಗಿರಲ್ಲ, ಜಿಡ್ಡು ಜಿಡ್ಡು. ಸರಿಯಾಗಿ ಉರಿಯದ ಯಾವುದೇ ವಸ್ತುವಿನ ಹೊಗೆಯಲ್ಲಿ ಆ ಥರದ ಎಣ್ಣೆಯಂಥ ರಾಸಾಯನಿಕಗಳು ಇರ್ತವೆ. ಅದರಲ್ಲಿ ಒಂದು ದೊಡ್ಡ ಕುಟುಂಬದ ಹೆಸರು ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ಸ್. ಇನ್ನು ಮುಂದೆ ಪಿಎಎಚ್ ಅಂತೀನಿ. ಕಾರ್ಬನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಅಣುಗಳು.

ಈ ಕುಟುಂಬದ ಕಿರಿಯ ಸದಸ್ಯ ನಿಮ್ಮ ಮನೆ ಬೀರುವಿನಲ್ಲೇ ಇರಬಹುದು. ಸೀರೆ ಮಧ್ಯೆ ಇಡೋ ಬಿಳೀ ನ್ಯಾಫ್ತಲೀನ್ ಗುಳಿಗೆ. ಅದರಲ್ಲಿ ಎರಡೇ ಉಂಗುರ. ಹಗುರ, ಅದಕ್ಕೇ ಕೆಲವು ತಿಂಗಳಲ್ಲಿ ತಾನೇ ಕರಗಿ ಗಾಳಿಗೆ ಹೋಗತ್ತೆ. ಉಂಗುರ ಹೆಚ್ಚಾದಷ್ಟೂ ಅಣು ಭಾರ, ಗಾಳಿಗೆ ಹಾರಲ್ಲ, ಕೂತ ಜಾಗ ಬಿಡಲ್ಲ. ಐದು ಉಂಗುರದ ಬೆಂಜೋಪೈರೀನ್ ಅಂತ ಒಂದಿದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತು ಅಂತ ಖಚಿತವಾಗಿ ಪಟ್ಟಿಯಾಗಿರೋದು. ಈ ಹಗುರ, ಭಾರದ ವ್ಯತ್ಯಾಸ ನೆನಪಿಟ್ಕೊಳ್ಳಿ, ವಾಷಿಂಗ್ ಮಷೀನ್ ಹತ್ರ ಮತ್ತೆ ಬೇಕಾಗತ್ತೆ.

ಇನ್ನೊಂದು ಗುಂಪಿನ ಕಥೆ ಸ್ವಲ್ಪ ವಿಚಿತ್ರ. ಫ್ಲೇಮ್ ರಿಟಾರ್ಡೆಂಟ್, ಅಂದ್ರೆ ಬೆಂಕಿ ಹತ್ತದ ಹಾಗೆ ಸಾಮಾನಿಗೆ ಸೇರಿಸೋ ಕೆಮಿಕಲ್. ಕ್ಯಾಲಿಫೋರ್ನಿಯಾ ರಾಜ್ಯ 1975ರಲ್ಲಿ ಒಂದು ನಿಯಮ ತಂತು: ಸೋಫಾದೊಳಗಿನ ಫೋಮ್ ಸಣ್ಣ ಜ್ವಾಲೆಗೆ ಇಂತಿಷ್ಟು ಸೆಕೆಂಡ್ ತಡ್ಕೋಬೇಕು ಅಂತ. ಕಂಪನಿಗಳು ಫೋಮ್‌ಗೆ ಬ್ರೋಮಿನ್ ಇರೋ ಪಿಬಿಡಿಇ ಅನ್ನೋ ಕೆಮಿಕಲ್ ಬೆರೆಸಿದ್ವು. ಒಂದು ರಾಜ್ಯಕ್ಕೆ ಬೇರೆ ಸೋಫಾ, ಉಳಿದವರಿಗೆ ಬೇರೆ ಸೋಫಾ ಅಂತ ಮಾಡೋದು ವ್ಯಾಪಾರಕ್ಕೆ ಗಿಟ್ಟಲ್ಲ ಅಲ್ವಾ, ಹಾಗಾಗಿ ದೇಶದ ತುಂಬ ಹರಡ್ತು. ಆಮೇಲೆ ಗೊತ್ತಾಯ್ತು, ಇದು ಕರಗಲ್ಲ, ಕೊಳೆಯಲ್ಲ, ಮೈಯಲ್ಲಿ ಸೇರ್ಕೊಂಡು ಕೂರತ್ತೆ ಅಂತ. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಎರಡು ಬಗೆಯ ಪಿಬಿಡಿಇ ನಿಷೇಧದ ಪಟ್ಟಿಗೆ ಸೇರಿದ್ವು, 2017ರಲ್ಲಿ ಇನ್ನೊಂದು. ಅದರ ಜಾಗಕ್ಕೆ ರಂಜಕ ಇರೋ ಇನ್ನೊಂದು ಬಗೆ ಬಂತು, ಆರ್ಗನೋಫಾಸ್ಫೇಟ್. ಆದ್ರೆ ಹಳೇ ಸೋಫಾ ಮನೆಗಳಲ್ಲಿ ಹಾಗೇ ಇದೆ. ಮನೆಗೆ ಬೆಂಕಿ ಬಿದ್ದಾಗ ಇವೆಲ್ಲ ಆವಿಯಾಗಿ, ತಣ್ಣಗಾಗ್ತಾ ಮಸಿ ಕಣಗಳ ಮೇಲೆ ಕೂತು, ಫೈರ್‌ಫೈಟರ್ ಹುಡ್‌ಗೆ ಬಂದು ಅಂಟತ್ತೆ. ಬೆಂಕಿ ತಡೆಯೋಕೆ ಹಾಕಿದ್ದು ಬೆಂಕಿ ಆರಿಸೋರ ಕತ್ತಿಗೆ!

ಪಣಕ್ಕಿರೋದು ಏನು

2022ರ ಜೂನಲ್ಲಿ ಫ್ರಾನ್ಸಿನ ಲಿಯೋನಲ್ಲಿ 8 ದೇಶಗಳ 25 ವಿಜ್ಞಾನಿಗಳು ಸೇರಿದ್ರು. ಕರೆದಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಐಎಆರ್‌ಸಿ. ಫೈರ್‌ಫೈಟರ್ ಕೆಲಸವನ್ನೇ ಅವರು ಗುಂಪು 1ಕ್ಕೆ ಸೇರಿಸಿದ್ರು, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರತ್ತೆ ಅಂತ ಸಾಕಷ್ಟು ಪುರಾವೆ ಇರೋದು. ಮೆಸೊಥೆಲಿಯೋಮಾ ಅನ್ನೋ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಮತ್ತು ಮೂತ್ರಕೋಶದ ಕ್ಯಾನ್ಸರ್ ವಿಷಯದಲ್ಲಿ ಪುರಾವೆ ಗಟ್ಟಿ. ಕರುಳು, ಪ್ರಾಸ್ಟೇಟ್, ವೃಷಣ, ಚರ್ಮದ ಮೆಲನೋಮ ಮತ್ತು ಒಂದು ಬಗೆಯ ಲಿಂಫೋಮಾ ವಿಷಯದಲ್ಲಿ ಸೀಮಿತ ಪುರಾವೆ. ಅದಕ್ಕೆ ಮೊದಲು ಇದೇ ಕೆಲಸ 2ಬಿ ಗುಂಪಲ್ಲಿತ್ತು, "ತರಬಹುದೇನೋ" ಅನ್ನೋ ಮಟ್ಟ.

ಇಲ್ಲಿ ಒಂದು ಮಾತು. ಗುಂಪು 1 ಅಂದ್ರೆ ಪುರಾವೆ ಎಷ್ಟು ಗಟ್ಟಿ ಅಂತ ಹೇಳೋದು, ಅಪಾಯ ಎಷ್ಟು ದೊಡ್ಡದು ಅಂತಲ್ಲ. ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಇದು ಯಾವಾಗಲೂ ಕಲಸುಮೇಲೋಗರ ಆಗತ್ತೆ. ಅಪಾಯದ ಅಳತೆ ಬೇಕಾದ್ರೆ ಅಮೆರಿಕ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಮಾಡಿದ ಲೆಕ್ಕ ಇದೆ. ಶಿಕಾಗೋ, ಫಿಲಡೆಲ್ಫಿಯಾ, ಸ್ಯಾನ್‌ಫ್ರಾನ್ಸಿಸ್ಕೋ ಮೂರು ನಗರಗಳಲ್ಲಿ 1950ರಿಂದ 2009ರವರೆಗೆ ಕೆಲಸ ಮಾಡಿದ ಸುಮಾರು 30,000 ಫೈರ್‌ಫೈಟರ್‌ಗಳ ದಾಖಲೆ ನೋಡಿದ್ರು. ಸಾಮಾನ್ಯ ಜನರಿಗೆ ಹೋಲಿಸಿದ್ರೆ ಕ್ಯಾನ್ಸರ್ ಪತ್ತೆಯಾದ ಪ್ರಮಾಣ 9% ಹೆಚ್ಚು, ಕ್ಯಾನ್ಸರ್‌ನಿಂದ ಸತ್ತವರ ಪ್ರಮಾಣ 14% ಹೆಚ್ಚು. ಕೆಲಸಕ್ಕೆ ಸೇರುವಾಗ ದೈಹಿಕ ಪರೀಕ್ಷೆ ಪಾಸಾಗಿ ಬಂದ ಗಟ್ಟಿಮುಟ್ಟಾದ ಜನ ಇವರು, ಅನ್ನೋದನ್ನೂ ಸೇರಿಸಿ ಓದ್ಬೇಕು.

ಇದಕ್ಕೆಲ್ಲ ಹುಡ್ ಒಂದೇ ಕಾರಣ ಅಂತ ಯಾರೂ ಹೇಳ್ತಿಲ್ಲ. ಹಳೇ ಕಟ್ಟಡಗಳ ಆಸ್ಬೆಸ್ಟಾಸ್ ಇದೆ, ಗಾಡಿಗಳ ಡೀಸೆಲ್ ಹೊಗೆ ಇದೆ, ನೈಟ್ ಶಿಫ್ಟ್ ಇದೆ. ಆದ್ರೆ ಒಂದು ಪ್ರಯೋಗ ಹುಡ್ ಕಡೆಗೆ ಬೆರಳು ತೋರಿಸ್ತು. ಪೂರ್ತಿ ಡ್ರೆಸ್, ಸಿಲಿಂಡರ್‌ನಿಂದ ಶುದ್ಧ ಗಾಳಿ ಕೊಡೋ ಮಾಸ್ಕ್ ಎಲ್ಲ ಹಾಕಿದ ಫೈರ್‌ಫೈಟರ್‌ಗಳನ್ನ ಉರಿಯೋ ಕಟ್ಟಡಕ್ಕೆ ಕಳಿಸಿ, ಆಮೇಲೆ ಮೂತ್ರ ಪರೀಕ್ಷೆ ಮಾಡಿದ್ರು. ಕೆಲವೇ ಗಂಟೆಗಳಲ್ಲಿ ಪಿಎಎಚ್‌ನ ಕುರುಹು ಏರಿತ್ತು. ಉಸಿರಾಡಿದ್ದು ಶುದ್ಧ ಗಾಳಿ. ಹಾಗಾದ್ರೆ ಹೊಕ್ಕಿದ್ದು ಎಲ್ಲಿಂದ? ಚರ್ಮದಿಂದ. ಮೈಯ ಬೇರೆ ಬೇರೆ ಕಡೆ ಒರೆಸಿ ನೋಡಿದಾಗ ಎದ್ದು ಕಂಡಿದ್ದು ಕತ್ತು. ಕತ್ತಿನ ಚರ್ಮ ತೆಳು, ಅಲ್ಲಿ ಬೆವರು, ಬಿಸಿಗೆ ರಕ್ತ ಓಡಾಟ ಜಾಸ್ತಿ. ಅದರ ಮೇಲೆ ಗಂಟೆಗಟ್ಟಲೆ ಒತ್ತಿಕೊಂಡಿರೋದು ಹುಡ್.

ಹಾಗಾಗಿ ಕೊಳಕು ಹುಡ್‌ನ ಸಮಸ್ಯೆ ಬೆಂಕಿ ಆರಿದಲ್ಲಿಗೆ ಮುಗಿಯಲ್ಲ. ಮುಂದಿನ ಕರೆ ಬಂದಾಗ ಅದನ್ನೇ ತಲೆಗೆ ಏರಿಸಿದ್ರೆ ಹೋದ ವಾರದ ಹೊಗೆ ಈ ವಾರ ಮೈಗೆ ಸೇರತ್ತೆ. ಈ ಸಲದ್ದು ಚಿಕ್ಕ ಕಸದ ಬೆಂಕಿಯೇ ಆಗಿರ್ಲಿ. ನಾನು ಬಿಕಾಂ ಓದಿದವನು, ನನಗಿದು ಕಾಣೋದು ಲೆಡ್ಜರ್ ಥರ. ಹಳೇ ಪುಟದ ಬಾಕಿ ಹೊಸ ಪುಟದ ಮೊದಲ ಸಾಲಿಗೆ ಬರತ್ತೆ. ಒಗೆಯೋದು ಅಂದ್ರೆ ಆ ಬಾಕಿ ಚುಕ್ತಾ ಮಾಡೋ ಪ್ರಯತ್ನ. ಎಷ್ಟು ಚುಕ್ತಾ ಆಗತ್ತೆ?

ಇಲಿನಾಯ್ ಪ್ರಯೋಗ

ಇದನ್ನ ನೇರವಾಗಿ ಅಳೆದವರು ನಿಯೋಶ್ ಮತ್ತು ಇಲಿನಾಯ್ ಫೈರ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು. ಫಲಿತಾಂಶ ಪ್ರಕಟವಾಗಿದ್ದು 2019ರಲ್ಲಿ. ಮನೆ ಥರ ಕಟ್ಟಿದ ಕಟ್ಟಡದಲ್ಲಿ ನಿಜವಾದ ಸೋಫಾ, ಹಾಸಿಗೆ, ಪೀಠೋಪಕರಣ ಇಟ್ಟು ಬೆಂಕಿ ಹಚ್ಚಿದ್ರು. ಫೈರ್‌ಫೈಟರ್‌ಗಳು ನಿಜವಾದ ಕೆಲಸದಲ್ಲಿ ಮಾಡೋ ಹಾಗೇ ಪಾತ್ರ ಹಂಚ್ಕೊಂಡ್ರು. ಕೆಲವರು ಪೈಪ್ ಹಿಡಿದು ಒಳಗೆ, ಕೆಲವರು ಒಳಗೆ ಸಿಕ್ಕಿದವರನ್ನ ಹುಡುಕೋಕೆ, ಕೆಲವರು ಹೊರಗೆ ಪಂಪ್ ಹತ್ರ. ಬಳಸಿದ ಹುಡ್‌ಗಳಲ್ಲಿ ಕೆಲವನ್ನ ಒಗೆದ್ರು, ಕೆಲವನ್ನ ಒಗೀದೇ ಇಟ್ರು. ಆಮೇಲೆ ಎರಡರಿಂದಲೂ ಬಟ್ಟೆ ತುಂಡು ಕತ್ತರಿಸಿ ಲ್ಯಾಬಲ್ಲಿ ಯಾವ ಕೆಮಿಕಲ್ ಎಷ್ಟಿದೆ ಅಂತ ನೋಡಿದ್ರು.

ಒಳ್ಳೇ ಸುದ್ದಿ ಮೊದಲು. ಪಿಎಎಚ್‌ನ ಬಹುಪಾಲು, ಹೆಚ್ಚುಕಮ್ಮಿ ಮುಕ್ಕಾಲು ಭಾಗ, ಒಗೆದಾಗ ಹೋಯ್ತು. ಒಗೆಯೋದು ದಂಡ ಅಲ್ಲ ಅಂತ ಸಾಬೀತಾಯ್ತು.

ಆದ್ರೆ ಎಲ್ಲ ಕೆಮಿಕಲ್‌ಗಳೂ ಅದೇ ಥರ ಹೋಗ್ಲಿಲ್ಲ. ಫ್ಲೇಮ್ ರಿಟಾರ್ಡೆಂಟ್‌ಗಳು ಒಂದೊಂದು ಒಂದೊಂದು ಥರ ನಡ್ಕೊಂಡ್ವು. ಕೆಲವು ಸ್ವಲ್ಪ ಇಳಿದ್ವು, ಬ್ರೋಮಿನ್‌ನ ಹಳೇ ಪಿಬಿಡಿಇಗಳು ಹಠ ಬಿಡ್ಲಿಲ್ಲ. ಅದಕ್ಕಿಂತ ಮುಖ್ಯ, ಒಗೆಯೋವಾಗ ಒಂದು ಹುಡ್‌ನಿಂದ ಇನ್ನೊಂದಕ್ಕೆ ಕೊಳೆ ದಾಟೋ ಸೂಚನೆಯೂ ಸಿಕ್ತು.

ಇದು ನಮಗೇನು ಹೊಸದಲ್ಲ. ಹೊಸ ಕೆಂಪು ಟವೆಲ್ ಜೊತೆ ಬಿಳೀ ಬನಿಯನ್ ಹಾಕಿ ಒಗೆದ್ರೆ ಏನಾಗತ್ತೆ? ಟವೆಲ್ ಬಣ್ಣ ಸ್ವಲ್ಪ ಕಮ್ಮಿ ಆಗತ್ತೆ, ಬನಿಯನ್ ಗುಲಾಬಿ ಆಗತ್ತೆ. ವ್ಯತ್ಯಾಸ ಇಷ್ಟೇ: ಬನಿಯನ್ ಗುಲಾಬಿ ಆದ್ರೆ ಕಣ್ಣಿಗೆ ಕಾಣತ್ತೆ, ಪಿಬಿಡಿಇ ಅಂಟಿದ್ರೆ ಕಾಣಲ್ಲ. ಇಡೀ ದಿನ ಒಳಗೆ ಹೊಗೆಯಲ್ಲಿದ್ದವರ ಹುಡ್ ಮತ್ತು ಹೊರಗೆ ಪಂಪ್ ಹತ್ರ ನಿಂತಿದ್ದವರ ಹುಡ್ ಒಂದೇ ಡ್ರಮ್‌ಗೆ ಹಾಕಿದ್ರೆ, ಹೊರಗೆ ನಿಂತವರ ಪಾಲಿಗೆ ಆ ವಾಷ್ ಲಾಭವೋ ನಷ್ಟವೋ ಹೇಳೋದು ಕಷ್ಟ.

ಹಠಮಾರಿ ಅಣುಗಳು

ಯಾಕೆ ಹೀಗೆ? ಒಗೆಯೋ ಕೆಲಸಕ್ಕೆ ನಾಲ್ಕು ಕೈ ಬೇಕು: ಸೋಪು, ಬಿಸಿ, ಉಜ್ಜೋದು, ಸಮಯ. 1959ರಲ್ಲಿ ಹರ್ಬರ್ಟ್ ಸಿನ್ನರ್ ಅನ್ನೋ ಜರ್ಮನ್ ತಜ್ಞ ಇದನ್ನ ಒಂದು ವೃತ್ತದ ಹಾಗೆ ಬರೆದು ತೋರಿಸಿದ್ರು. ಒಂದು ಕೈ ಕಮ್ಮಿ ಕೆಲಸ ಮಾಡಿದ್ರೆ ಉಳಿದ ಮೂರು ಜಾಸ್ತಿ ಮಾಡ್ಬೇಕು. ನಮ್ಮ ಅಮ್ಮಂದಿರಿಗೆ ವೃತ್ತ ಬೇಕಿರಲಿಲ್ಲ ಬಿಡಿ, ಎಣ್ಣೆ ಜಿಡ್ಡಿನ ಬಟ್ಟೆಗೆ ಬಿಸಿನೀರು, ನೆನೆಹಾಕೋದು, ಕಲ್ಲಿಗೆ ಬಡಿಯೋದು ಎಲ್ಲ ಗೊತ್ತಿತ್ತು.

ಪಿಎಎಚ್ ಮತ್ತು ಪಿಬಿಡಿಇ ಎರಡೂ ಎಣ್ಣೆ ಜಾತಿಯವು, ನೀರು ಕಂಡ್ರೆ ಆಗಲ್ಲ. ಸೋಪಿನ ಅಣುವಿಗೆ ಒಂದು ತುದಿ ಎಣ್ಣೆ ಹಿಡಿಯೋಕೆ, ಇನ್ನೊಂದು ತುದಿ ನೀರು ಹಿಡಿಯೋಕೆ. ಮಧ್ಯವರ್ತಿ ಥರ. ಹಗುರವಾದ ಪಿಎಎಚ್‌ಗಳು ಈ ಮಧ್ಯವರ್ತಿ ಮಾತು ಕೇಳ್ತವೆ, ಕೆಲವು ಒಣಗುವಾಗ ಗಾಳಿಗೂ ಹೋಗ್ತವೆ, ಆ ನ್ಯಾಫ್ತಲೀನ್ ಗುಳಿಗೆಯ ಹಾಗೆ. ಉಂಗುರ ಹೆಚ್ಚಿರೋ ಭಾರದವು ನೂಲಿನೊಳಗೆ ಕಚ್ಚಿಕೊಳ್ತವೆ. ತಲೆನೋವು ಏನಪ್ಪಾ ಅಂದ್ರೆ, ಹೆಚ್ಚು ಅಪಾಯಕಾರಿ ಅನ್ನಿಸಿಕೊಂಡಿರೋ ಬೆಂಜೋಪೈರೀನ್ ಥರದವು ಈ ಭಾರದ ಕಡೆಯವೇ. ಅದಕ್ಕೇ "ಒಟ್ಟು ಇಷ್ಟು ಪರ್ಸೆಂಟ್ ಹೋಯ್ತು" ಅನ್ನೋ ಒಂದೇ ನಂಬರ್ ನನಗೆ ಅಷ್ಟು ಹಿಡಿಸಲ್ಲ. ಟೋಟಲ್ ಚೆನ್ನಾಗಿ ಕಂಡ್ರೂ ಉಳಿದಿರೋದು ಯಾವುದು ಅಂತ ಒಳಗಿನ ಸಾಲುಗಳಲ್ಲಿ ನೋಡ್ಬೇಕು.

ಹಾಗಾದ್ರೆ ಕುದಿಯೋ ನೀರಲ್ಲಿ ಒಗೆದ್ರೆ ಆಯ್ತಲ್ಲ ಅಂತೀರ? ಅಮೆರಿಕದಲ್ಲಿ ಈ ಬಟ್ಟೆಗಳ ಆರೈಕೆಗೆ ಎನ್‌ಎಫ್‌ಪಿಎ 1851 ಅನ್ನೋ ಮಾನದಂಡ ಪಾಲಿಸ್ತಿದ್ರು. ಅದರ 2020ರ ಆವೃತ್ತಿ ಪ್ರಕಾರ ನೀರು 105 ಡಿಗ್ರಿ ಫ್ಯಾರನ್‌ಹೀಟ್ ದಾಟಬಾರದಿತ್ತು, ಅಂದ್ರೆ ಸುಮಾರು 40 ಡಿಗ್ರಿ ಸೆಲ್ಸಿಯಸ್. ಸ್ನಾನದ ನೀರಿನಷ್ಟು ಬಿಸಿ, ಅಷ್ಟೇ. ಕ್ಲೋರಿನ್ ಬ್ಲೀಚ್ ಹಾಕೋ ಹಾಗಿಲ್ಲ, ನೂಲು ಬಡವಾಗತ್ತೆ. ಕೋಟಿನ ಒಳಪೊರೆ, ಹೊಳೆಯೋ ಪಟ್ಟಿ ಹಾಳಾಗಬಾರದು ಅಂತ ಇಷ್ಟೆಲ್ಲ ಎಚ್ಚರ. ಹಳೇ ಮಾದರಿ ಹುಡ್ಡಲ್ಲಿ ಆ ಪೊರೆಯೂ ಇಲ್ಲ, ಪಟ್ಟಿಯೂ ಇಲ್ಲ. ಆದ್ರೂ ಕೋಟಿನ ನಿಯಮವೇ ಹುಡ್‌ಗೂ ಇತ್ತು. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಜವಳಿ ವಿಭಾಗದವರು ನೀರಿನ ಬಿಸಿ, ಡಿಟರ್ಜೆಂಟ್, ಸಮಯ ಒಂದೊಂದಾಗಿ ಬದಲಾಯಿಸಿ ಪರೀಕ್ಷೆ ಮಾಡ್ತಾ ಇರೋದು ಈ ಗಂಟು ಬಿಡಿಸೋಕೇ. ಇನ್ನೊಂದು ದಾರಿ, ನೀರೇ ಬೇಡ, ಒತ್ತಡದಲ್ಲಿ ದ್ರವವಾಗಿಸಿದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ತೊಳೆಯೋದು. ಎಣ್ಣೆ ಜಾತಿಯ ಅಣುಗಳಿಗೆ ಅದು ನೀರಿಗಿಂತ ಹೆಚ್ಚು ಒಗ್ಗತ್ತೆ. ಆದ್ರೆ ಆ ಮಷೀನ್ ಪ್ರತಿ ಸ್ಟೇಷನ್‌ಗೆ ತರೋ ವಸ್ತು ಅಲ್ಲ.

ಬಿಸಿಲಿಗೆ ಹಾಕೋಣ ಅಂದ್ರೆ ಅದೂ ಬೇಡ. ನಮಗೆ ಬಿಸಿಲು ಅಂದ್ರೆ ಪುಕ್ಕಟೆ ಡೆಟ್ಟಾಲ್ ಇದ್ದ ಹಾಗೆ, ಹಪ್ಪಳದಿಂದ ಹಾಸಿಗೆವರೆಗೂ ಎಲ್ಲ ಮಾಳಿಗೆ ಮೇಲೆ. ಆದ್ರೆ ನೋಮೆಕ್ಸ್, ಕೆವ್ಲಾರ್ ಜಾತಿಯ ನೂಲಿಗೆ ಅಲ್ಟ್ರಾವಯಲೆಟ್ ಶತ್ರು, ಬಲ ಕುಗ್ಗತ್ತೆ. ನೆರಳಲ್ಲಿ, ಗಾಳಿ ಆಡೋ ಕಡೆ ಒಣಗಿಸ್ಬೇಕು.

ಮನೆ ಮಷೀನ್ ಬೇಡ

ಡ್ಯೂಟಿ ಮುಗಿಸಿ ಹುಡ್ ಬ್ಯಾಗಿಗೆ ಹಾಕ್ಕೊಂಡು ಮನೆಗೆ ತಂದು, ಮಗುವಿನ ಬಟ್ಟೆ ಒಗೆಯೋ ಮಷೀನಿಗೇ ಹಾಕೋದು. ಚಿಕ್ಕ ಬಟ್ಟೆ ಅಲ್ವಾ, ಏನು ಮಹಾ ಅನ್ಸತ್ತೆ. ಕೆಂಪು ಟವೆಲ್ ಲೆಕ್ಕ ಇಲ್ಲೂ ಅದೇ. ಅದಕ್ಕೇ ಆ ಮಾನದಂಡ ಮನೆ ಮಷೀನೂ ಬೇಡ, ಊರವರ ಲಾಂಡ್ರಿ ಅಂಗಡಿಯೂ ಬೇಡ ಅಂದಿತ್ತು. ಕ್ಯಾಲಿಫೋರ್ನಿಯಾದ ಫೈರ್ ಸ್ಟೇಷನ್‌ಗಳ ನೆಲದ ಧೂಳು ತೆಗೆದು ನೋಡಿದಾಗ ಸಾಮಾನ್ಯ ಮನೆಗಳ ಧೂಳಿಗಿಂತ ಪಿಬಿಡಿಇ ಹೆಚ್ಚಿತ್ತು. ಸ್ಟೇಷನ್ ಅಂದ್ರೆ ಅವರು ಊಟ ಮಾಡೋ, ಮಲಗೋ ಜಾಗ. ಬಟ್ಟೆ ಎಲ್ಲಿಗೆ ಹೋಗತ್ತೋ ಹೊಗೆಯೂ ಅಲ್ಲಿಗೆ ಹೋಗತ್ತೆ.

ಆದ್ರೆ ಹೇಳೋದು ಸುಲಭ. ಅಮೆರಿಕದ ಫೈರ್‌ಫೈಟರ್‌ಗಳಲ್ಲಿ ಮೂರರಲ್ಲಿ ಎರಡು ಪಾಲು ಹತ್ತಿರ ಸಂಬಳ ಇಲ್ಲದ ಸ್ವಯಂಸೇವಕರು. ಸಣ್ಣ ಊರಿನ ಸ್ಟೇಷನ್‌ಗೆ ಇದಕ್ಕೆ ಬೇಕಾದ ದೊಡ್ಡ ವಾಷರ್-ಎಕ್ಸ್‌ಟ್ರ್ಯಾಕ್ಟರ್ ಕೊಳ್ಳೋಕೆ ಸಾವಿರಾರು ಡಾಲರ್ ಬೇಕು. ಒಬ್ಬರಿಗೆ ಒಂದೇ ಹುಡ್ ಇದ್ರೆ, ಅದು ಮಷೀನಲ್ಲಿ ತಿರುಗ್ತಿರುವಾಗ ಸೈರನ್ ಆದ್ರೆ? ಒದ್ದೆ ಹುಡ್ ಹಾಕ್ಕೊಂಡು ಬೆಂಕಿಗೆ ಹೋಗೋಕೆ ಆಗಲ್ಲ. ಹಾಗಾಗಿ ಕಾಗದದ ಮೇಲೆ ಯಾವ ನಿಯಮ ಇದ್ರೂ, ಎರಡನೇ ಹುಡ್ ಇಲ್ಲದ ಕಡೆ ಒಗೆಯೋದು ನಡೆಯಲ್ಲ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ಖರ್ಚು ಅಂದ್ರೆ ತಲೆಗೆ ಎರಡು ಹುಡ್. ಕೆಲವು ಇಲಾಖೆಗಳು ಬೆಂಕಿಯ ಜಾಗಕ್ಕೇ ಒಗೆದ ಹುಡ್‌ಗಳ ಡಬ್ಬಿ ತರ್ತಾರೆ. ಹೊರಗೆ ಬಂದ ಕೂಡ್ಲೇ ಕೊಳಕು ಹುಡ್ ಚೀಲಕ್ಕೆ, ಕ್ಲೀನ್ ಹುಡ್ ಕೈಗೆ.

ಆ ಜಾಗದಲ್ಲೇ ಮಾಡಬಹುದಾದ ಇನ್ನೆರಡು ಕೆಲಸಕ್ಕೆ ಒಳ್ಳೇ ಅಂಕಿಗಳಿವೆ, ಅದೇ ಇಲಿನಾಯ್ ತಂಡದ್ದು. ಕೋಟನ್ನ ಒಣ ಬ್ರಷ್ಷಲ್ಲಿ ಉಜ್ಜಿದ್ರೆ ಮೇಲಿನ ಪಿಎಎಚ್ 23% ಕಮ್ಮಿ ಆಯ್ತು. ಸೋಪು ನೀರು ಹಾಕಿ ಉಜ್ಜಿ ತೊಳೆದ್ರೆ 85%. ಒದ್ದೆ ವೈಪ್ಸ್‌ನಿಂದ ಕತ್ತು ಒರೆಸ್ಕೊಂಡ್ರೆ ಚರ್ಮದ ಮೇಲಿನ ಪಿಎಎಚ್ 54% ಇಳೀತು. ಮಗುವಿಗೆ ಬಳಸೋ ಥರದ ವೈಪ್ಸ್, ಒಂದು ನಿಮಿಷದ ಕೆಲಸ. ಮಸಿ ಇನ್ನೂ ಹಸಿ ಇರುವಾಗ ತೆಗೆದ್ರೆ ಸುಲಭ, ಒಣಗಿ ನೂಲಿಗೆ ಇಳಿದ್ಮೇಲೆ ಕಷ್ಟ. ಅರಿಶಿನದ ಕಲೆ ಥರ.

ಹೊಸ ಹುಡ್, ಹೊಸ ತಕರಾರು

2018ರಲ್ಲಿ ಅಮೆರಿಕದ ಮಾನದಂಡಕ್ಕೆ ಹೊಸ ಜಾತಿಯ ಹುಡ್ ಸೇರ್ತು, ಕಣ ತಡೆಯೋ ಹುಡ್. ಎರಡು ಹೆಣಿಗೆ ಪದರಗಳ ಮಧ್ಯೆ ಒಂದು ತೆಳು ಪೊರೆ. 0.1ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 90% ತಡೀಬೇಕು ಅನ್ನೋದು ಪರೀಕ್ಷೆ. ಕೊಳೆ ಒಳಗೇ ಬರದಿದ್ರೆ ಒಗೆಯೋ ಚಿಂತೆ ಅರ್ಧ ಮುಗೀತಲ್ಲ ಅನ್ಸತ್ತೆ. ಆದ್ರೆ ಆವಿ ರೂಪದಲ್ಲಿರೋ ಕೆಮಿಕಲ್‌ಗೆ ಕಣ ತಡೆಯೋ ಪೊರೆ ಗೋಡೆ ಅಲ್ಲ. ಹಾಕ್ಕೊಂಡವರು ಹೇಳೋ ತಕರಾರು ಬೇರೆ: ಸೆಕೆ ಜಾಸ್ತಿ, ಕಿವಿ ಹತ್ರ ಸರಸರ ಸದ್ದು, ಬೆಲೆಯೂ ಹೆಚ್ಚು. ಹೊಗೆ ತುಂಬಿದ ಮನೆಯಲ್ಲಿ ಜೊತೆಗಾರನ ಕೂಗು ಸರಿಯಾಗಿ ಕೇಳದೇ ಇರೋದು ಸಣ್ಣ ವಿಷಯ ಅಲ್ಲ. ಇನ್ನು ಆ ಪೊರೆಯನ್ನ ಪದೇಪದೇ ಒಗೆದ್ರೆ ಎಷ್ಟು ದಿನ ಬಾಳಿಕೆ ಬರತ್ತೆ ಅನ್ನೋದು ಮತ್ತೆ ವಾಷಿಂಗ್ ಮಷೀನಿಗೇ ತಂದು ನಿಲ್ಲಿಸತ್ತೆ. ಒಗೀದಿದ್ರೆ ವಿಷ, ಅತಿಯಾಗಿ ಒಗೆದ್ರೆ ಬಟ್ಟೆ ಸವೆತ.

ಇದೆಲ್ಲದರ ಮಧ್ಯೆ ತಲೆಯೊಳಗಿನ ಒಂದು ಕೊಳೆಯೂ ಇದೆ. ತುಂಬಾ ವರ್ಷ ಅಮೆರಿಕದ ಸ್ಟೇಷನ್‌ಗಳಲ್ಲಿ ಮಸಿ ಹಿಡಿದ ಹೆಲ್ಮೆಟ್, ಕಪ್ಪಾದ ಹುಡ್ ಅಂದ್ರೆ ಮೆಡಲ್ ಇದ್ದ ಹಾಗೆ. ಹೊಸಬನ ಹುಡ್ ಹೊಳೆಯೋದು, ಅನುಭವಿಯ ಹುಡ್ ಕಪ್ಪು. ಒಗೆಯೋದು ಅಂದ್ರೆ ಮೆಡಲ್ ಅಳಿಸಿದ ಹಾಗೆ ಅನ್ಸೋದು. ಈಗ ಹೊಸಬರಿಗೆ ತರಬೇತಿಯಲ್ಲೇ ಇದನ್ನ ಬೇರೆ ಥರ ಹೇಳಿಕೊಡ್ತಾರೆ. ಕ್ಯಾನ್ಸರ್ ಬಂದ ಸಹೋದ್ಯೋಗಿಗಳ ಹೆಸರುಗಳೇ ಆ ಪಾಠದ ಅರ್ಧ ಕೆಲಸ ಮಾಡಿವೆ.

ನಮ್ಮ ಕಡೆ? ಪ್ರತಿ ಏಪ್ರಿಲ್ 14ಕ್ಕೆ ಅಗ್ನಿಶಾಮಕ ಸೇವಾ ದಿನ ಮಾಡ್ತೀವಿ, 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಸಿಬ್ಬಂದಿಯ ನೆನಪಿಗೆ. ಆ ದಿನ ನಾವು ನೆನೆಯೋದು ಬೆಂಕಿಯಲ್ಲೇ ಪ್ರಾಣ ಕೊಟ್ಟವರನ್ನ. ಬೆಂಕಿ ಆರಿ ಇಪ್ಪತ್ತು ವರ್ಷ ಆದ್ಮೇಲೆ ಆಸ್ಪತ್ರೆಯಲ್ಲಿ ಹೋಗೋರ ಲೆಕ್ಕ ಆ ಪಟ್ಟಿಗೆ ಬರಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಉರಿಯೋ ಸೋಫಾದಲ್ಲೂ ಫೋಮ್ ಇದೆ, ಟಿವಿಯಲ್ಲೂ ಪ್ಲಾಸ್ಟಿಕ್ ಇದೆ, ಐಎಆರ್‌ಸಿಯ ಗುಂಪು 1 ಯಾವುದೋ ಒಂದು ದೇಶದವರಿಗೆ ಅಂತ ಬರೆದಿದ್ದಲ್ಲ. ನಿಮ್ಮ ಮನೇಲಿ, ಓಣಿಯಲ್ಲಿ ಯಾರಾದ್ರೂ ಅಗ್ನಿಶಾಮಕ ದಳದಲ್ಲಿದ್ರೆ ಒಂದೇ ಪ್ರಶ್ನೆ ಕೇಳಿ ನೋಡಿ: ಬೆಂಕಿಯಿಂದ ವಾಪಸ್ ಬಂದ್ಮೇಲೆ ಆ ಬಟ್ಟೆಯನ್ನ ಎಲ್ಲಿ, ಯಾರು ಒಗೀತಾರೆ? ಉತ್ತರ ವಾಯ್ಸ್ ನೋಟಲ್ಲಿ ಕಳಿಸಿ.

ಮುಂದಿನ ವಾರ ಕೋಟಿನ ಆ ಮಧ್ಯದ ಪೊರೆ ಬಗ್ಗೆ. ಅದರೊಳಗಿರೋ ಪಿಫಾಸ್ ಅನ್ನೋ ಕೆಮಿಕಲ್ ಹೊಗೆಯಿಂದ ಬಂದಿದ್ದಲ್ಲ, ಬಟ್ಟೆ ಮಾಡುವಾಗಲೇ ಸೇರಿಸಿದ್ದು. ಅದನ್ನ ಒಗೆದು ತೆಗೆಯೋಕೆ ಆಗಲ್ಲ.